ಪಾಸ್‌ವರ್ಡಿಗೆ ಹಚ್ಚಿದ ಕುಂಕುಮ

ನಿವೃತ್ತನಾದ ಮೇಲೆ ಬೋಗಾದಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಇಂಟರ್ನೆಟ್ ಕೈಕೊಟ್ಟರೂ ಕರೆ ಬರುವುದು ನನಗೇ. "ಸಿದ್ದರಾಜಣ್ಣ ಕಂಪ್ಯೂಟರಲ್ಲೇ ಇದ್ದೋರು" ಎಂಬುದು ಅವರ ನಂಬಿಕೆ. ನಾನು ಹೋಗಿ ಗೋಡೆಯ ಮೇಲಿನ ಪೆಟ್ಟಿಗೆಯನ್ನು ಒಮ್ಮೆ ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುತ್ತೇನೆ. ಸರಿಹೋದರೆ ಕಾಫಿ, ಹೋಗದಿದ್ದರೂ ಕಾಫಿ. ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ ಕೆಲಸವೂ ಹೊರಗಿನವರ ಕಣ್ಣಿಗೆ ಹೆಚ್ಚುಕಡಿಮೆ ಇಷ್ಟೇ. ಈಗ ಆ ಕೆಲಸಕ್ಕೆ ಸೇರುವವರು ದೊಡ್ಡ ದೊಡ್ಡ ಸರ್ಟಿಫಿಕೇಟು ಹಿಡಿದುಕೊಂಡು ಬರುತ್ತಾರೆ. ನನ್ನ ಹತ್ತಿರ ಅಂಥದ್ದೇನೂ ಇರಲಿಲ್ಲ. ಇರುವುದು ಮಾಡಿದ ತಪ್ಪುಗಳು ಮಾತ್ರ. ಹೊಸಬರಿಗೆ ಅವನ್ನಾದರೂ ಕೊಟ್ಟುಹೋಗೋಣ ಎಂದು ಬರೆಯಲು ಕೂತಿದ್ದೇನೆ.

ನಾನಿದ್ದದ್ದು ಸರಸ್ವತಿಪುರಂನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ಕಟ್ಟಿದವರು ಡಾಕ್ಟರ್ ಗಿರಿಜಾ. ಬೆನ್ನ ಹಿಂದೆ ನಾವೆಲ್ಲ ಡಾಕ್ಟರಮ್ಮ ಎನ್ನುತ್ತಿದ್ದೆವು, ಎದುರಿಗೆ ಮೇಡಮ್. ನಾನು ಸೇರಿದ್ದು ಟೈಪಿಸ್ಟಾಗಿ. ಅವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹೇಳುತ್ತಿದ್ದ ಅಂಕಿಗಳನ್ನು ಬಡಿದು ಕೊಡುವುದು ನನ್ನ ಕೆಲಸ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟಲು ಹೆದರದವನು ನಾನೊಬ್ಬನೇ ಆದ್ದರಿಂದ ಅದು ನನ್ನ ಕೊರಳಿಗೆ ಬಿತ್ತು. ಲ್ಯಾಬ್ ಬೆಳೆದು ಬೋಗಾದಿ, ಕಡಕೊಳದಲ್ಲೆಲ್ಲ ರಕ್ತ ತೆಗೆದುಕೊಳ್ಳುವ ಸೆಂಟರುಗಳಾದಾಗ ನನ್ನನ್ನು ಸಿಸ್ಟಮ್ಸ್ ಇನ್‌ಚಾರ್ಜ್ ಎಂದು ಕರೆದರು. ಬಾಗಿಲ ಮೇಲಿನ ಬೋರ್ಡು ಬದಲಾಯಿತು, ಕುರ್ಚಿ ಅದೇ.

ಆಗ ಲ್ಯಾಬಿನ ರಿಪೋರ್ಟುಗಳೆಲ್ಲ ಇದ್ದದ್ದು ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯ ಸರ್ವರಿನಲ್ಲಿ. ಸರ್ವರ್ ಎಂದರೆ ಉಳಿದ ಕಂಪ್ಯೂಟರುಗಳೆಲ್ಲ ಬಂದು ಮಾಹಿತಿ ಕೇಳುವ ಒಂದು ದೊಡ್ಡ ಕಂಪ್ಯೂಟರ್, ಅಷ್ಟೆ. ಅದಕ್ಕೊಂದು ಏಸಿ, ಕೋಣೆಗೊಂದು ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಬೇಸಿಗೆ ಬಂತೆಂದರೆ ಎಲ್ಲರಿಗೂ ಸರ್ವರಿನ ಮೇಲೆ ಪ್ರೀತಿ ಉಕ್ಕುತ್ತಿತ್ತು. ಟಿಫನ್ ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದರು. ಅವರು ಚೆಲ್ಲಿದ ಅಗುಳಿಗೆ ಇರುವೆ, ಇರುವೆಗೆ ಹಲ್ಲಿ. ಒಂದು ದಿನ ಹಲ್ಲಿ ಸರ್ವರಿನ ಹೊಟ್ಟೆಯೊಳಗೇ ಹೊಕ್ಕು ಸುಟ್ಟುಹೋಯಿತು, ಜೊತೆಗೆ ಸರ್ವರ್ ಕೂಡ ನಿಂತಿತು. ಇಡೀ ದಿನ ಜನ ರಿಪೋರ್ಟಿಲ್ಲದೆ ಬೆಂಚಿನ ಮೇಲೆ ಕಾದರು. ಏನಾಯಿತು ಎಂದು ಕೇಳಿದವರಿಗೆಲ್ಲ "ಟೆಕ್ನಿಕಲ್ ಪ್ರಾಬ್ಲಮ್" ಎಂದೆ. ಹಲ್ಲಿ ಎಂದು ಹೇಳಲು ನಾಚಿಕೆಯಾಯಿತು.

ಇನ್ನೊಂದು ಅದಕ್ಕಿಂತ ನಾಚಿಕೆಯದು. ಲ್ಯಾಬಿಗೆ ಬೆಂಕಿ ಬಿದ್ದರೂ ಮಾಹಿತಿ ಉಳಿಯಲಿ ಎಂದು ಪ್ರತಿ ಸಂಜೆ ಎಲ್ಲ ರಿಪೋರ್ಟುಗಳ ನಕಲನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದೆ. ಒಯ್ಯುತ್ತಿದ್ದದ್ದು ಊಟದ ಚೀಲದಲ್ಲಿ, ಮೊಸರನ್ನದ ಡಬ್ಬಿಯ ಪಕ್ಕ. ಒಂದು ದಿನ ಚೀಲವನ್ನು ಆಟೋದಲ್ಲೇ ಬಿಟ್ಟು ಇಳಿದೆ. ಮಾರನೆಯ ದಿನ ಬೆಳಿಗ್ಗೆ ಆಟೋದವನು ನನ್ನನ್ನು ಇಳಿಸಿದ ತಿರುವಿನಲ್ಲಿ ವಿಚಾರಿಸಿಕೊಂಡು ಮನೆಗೇ ಬಂದ. "ಡಬ್ಬಿ ತೊಳ್ದಿಟ್ಟಿವ್ನಿ ಸಾರ್. ಇನ್ನೊಂದ್ ಕಪ್ಪು ಡಬ್ಬಿ ಐತಲ್ಲ, ಅದ್ರ ಮುಚ್ಚಳ ತೆಗ್ಯಕ್ಕಾಗ್ನಿಲ್ಲ, ಅಂಗೇ ತಂದ್ಬುಟ್ಟೆ" ಎಂದ. ಆ ಕಪ್ಪು ಡಬ್ಬಿಯಲ್ಲಿ ಸಾವಿರಾರು ಜನರ ಮೈಯ ಗುಟ್ಟು ಇತ್ತು. ಅದಕ್ಕೊಂದು ಪಾಸ್‌ವರ್ಡ್ ಕೂಡ ಹಾಕಿರಲಿಲ್ಲ ನಾನು. ಈ ವಿಷಯ ಲ್ಯಾಬಿನಲ್ಲಿ ಯಾರಿಗೂ ಹೇಳಲಿಲ್ಲ.

ನಾವು ಕ್ಲೌಡಿಗೆ ಹೋದದ್ದು ಹಲ್ಲಿಯಿಂದಲೂ ಅಲ್ಲ, ಆಟೋದಿಂದಲೂ ಅಲ್ಲ. ಒಂದು ಮದುವೆ ಮಾತುಕತೆಯಿಂದ. ನಮ್ಮಲ್ಲಿ ಹಿಂದೆ ಪರೀಕ್ಷೆ ಮಾಡಿಸಿದ್ದ ಒಬ್ಬ ಹೆಣ್ಣುಮಗಳಿಗೆ ಗಂಡು ಗೊತ್ತಾಗುತ್ತಿತ್ತು. ಗಂಡಿನ ಕಡೆಯವರಿಗೆ ನಮ್ಮ ಸಿಬ್ಬಂದಿಯಲ್ಲಿ ಯಾರೋ ಬೇಕಾದವರು. ಹಳೆಯ ರಿಪೋರ್ಟು ಒಂದಿಷ್ಟು ನೋಡಿ ಹೇಳಿ ಎಂದಿದ್ದಾರೆ, ಇವರು ನೋಡಿ ಹೇಳಿದ್ದಾರೆ. ಮಾತುಕತೆ ಅಲ್ಲಿಗೇ ಮುರಿಯಿತು. ಹುಡುಗಿಯ ತಂದೆ ಲ್ಯಾಬಿಗೆ ಬಂದರು. ಕೂಗಾಡಲಿಲ್ಲ. ಡಾಕ್ಟರಮ್ಮನ ಎದುರು ಕೈಮುಗಿದು ನಿಂತು, "ಯಾರು ನೋಡಿದ್ರು ಅಂತ ಹೆಸರು ಹೇಳಿ ತಾಯಿ, ಅಷ್ಟು ಸಾಕು. ನಾನೇನೂ ಮಾಡಾಕಿಲ್ಲ" ಎಂದರು. ಡಾಕ್ಟರಮ್ಮ ನನ್ನತ್ತ ತಿರುಗಿದರು. ಲ್ಯಾಬಿನವರೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಬಳಸಿ ಒಳಗೆ ಹೋಗುತ್ತಿದ್ದೆವು. ಸರ್ವರಿನ ಪ್ರಕಾರ ಆ ರಿಪೋರ್ಟು ನೋಡಿದ್ದು 'ಲ್ಯಾಬ್'.

ಅವರು ಹೋದ ಮೇಲೆ ಡಾಕ್ಟರಮ್ಮ, "ಸಿದ್ದರಾಜು, ಯಾರು ನೋಡಿದ್ರು ಅಂತ ಬರೆದಿಡೋ ವ್ಯವಸ್ಥೆ ಎಲ್ಲಿದ್ರೂ ತನ್ನಿ" ಎಂದರು. ಹಾಗೆ ವಿಚಾರಿಸುತ್ತಾ ಹೋದಾಗ ಸಿಕ್ಕಿದ್ದು ಕ್ಲೌಡ್.

ಇದಕ್ಕೆ ಅಡ್ಡ ನಿಂತವರು ನಮ್ಮ ಆಡಳಿತಾಧಿಕಾರಿ ಶಿವಮಲ್ಲಪ್ಪನವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ಬಂದವರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ಅನುಮಾನ. "ಏನ್ರೀ, ರಿಪೋರ್ಟು ಎಲ್ಲಿರುತ್ತೆ ಅಂದ್ರೆ ಕ್ಲೌಡಲ್ಲಿ ಅಂತೀರಿ. ಅಡ್ರೆಸ್ ಹೇಳ್ರೀ, ಅಡ್ರೆಸ್ಸು" ಎಂದರು. ಆಗ ಒಳಗೊಳಗೇ ನಕ್ಕಿದ್ದೆ. ಆಮೇಲೆ ಯೋಚಿಸಿದರೆ, ನನ್ನ ಇಡೀ ನೌಕರಿಯಲ್ಲಿ ಮೇಲಧಿಕಾರಿಯೊಬ್ಬರು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದೇ. ನಾನು ಹೇಳಿದೆ: "ಬೇರೆಯವರ ದೊಡ್ಡ ಕಂಪ್ಯೂಟರುಗಳಲ್ಲಿ ಬಾಡಿಗೆಗೆ ಇಡೋದು ಸಾರ್. ಕಟ್ಟಡದ ಕಾವಲು ಅವರದು. ನಮ್ಮ ಕೋಣೆ ಬೀಗದ ಕೈ ಯಾರ್ಯಾರಿಗೆ ಕೊಡ್ಬೇಕು ಅನ್ನೋದು ನಮ್ಮ ಜವಾಬ್ದಾರಿ." ಹೊಸಬರಿಗೆ ಈ ಒಂದು ಮಾತು ಅರ್ಥವಾದರೆ ಅರ್ಧ ಕೆಲಸ ಕಲಿತಂತೆ. ನನಗೆ ಅದು ಬಾಯಿಪಾಠವಾಗಿತ್ತು, ಅರ್ಥವಾಗಿರಲಿಲ್ಲ.

ಡಾಕ್ಟರಮ್ಮ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಒಂದೊಂದು ರಿಪೋರ್ಟು ತೆಗೆದು ನೋಡೋದು ಬೇರೆ. ಇಡೀ ಬೀರುವನ್ನೇ ಹೊತ್ಕೊಂಡ್ ಹೋಗ್ಬೇಕು ಅಂದ್ರೆ ನನ್ನ ಫೋನಿಗೆ ಬಂದು ನನ್ನ ಕೇಳ್ಬೇಕು. ಅದು ನಿಮಗೂ ಸೇರಿ, ಸಿದ್ದರಾಜು." ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷದ ಮೇಲೂ ನಂಬಿಕೆಯಿಲ್ಲವೇ ಎಂದು ಎರಡು ದಿನ ಮುನಿಸಿಕೊಂಡಿದ್ದೆ. ಅವರು ಗಮನಿಸಲೇ ಇಲ್ಲ.

ಮಾಹಿತಿಯನ್ನು ಸಾಗಿಸುವುದು ಕಷ್ಟವಾಗಲಿಲ್ಲ; ಕೆಲವು ತಿಂಗಳ ಭಾನುವಾರಗಳು ಹೋದವು, ಅಷ್ಟೆ. ಕಷ್ಟವಾದದ್ದು ಮನುಷ್ಯರದು. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿಕೊಟ್ಟೆ. ವಾರದೊಳಗೆ ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಗೊತ್ತಿತ್ತು. ಯಾಕೆ ಹೇಳಿದಿರಿ ಎಂದರೆ, "ಜೊತೇಲ್ ಕೆಲ್ಸ ಮಾಡೋರು ಕೇಳಿದ್ರೆ ಇಲ್ಲ ಅನ್ನಕ್ಕಾಯ್ತದಾ ಸಾರ್" ಎಂಬ ಉತ್ತರ. ಪಾಸ್‌ವರ್ಡ್ ಕೊಡದಿರುವುದು ನೀರು ಕೇಳಿದವರಿಗೆ ನೀರು ಕೊಡದ ಹಾಗೆ ನಮ್ಮವರಿಗೆ. ಸರಿ, ಪಾಸ್‌ವರ್ಡಿನ ಜೊತೆ ಫೋನಿಗೆ ಬರುವ ನಂಬರನ್ನೂ ಒತ್ತಬೇಕು ಎಂದು ಮಾಡಿದೆ. ಆಗ ಒಳಗಿನಿಂದ ಒಬ್ಬರು ಕೂಗುವುದು, "ನಂಬರ್ ಬಂತೇನ್ರೀ?" ಕೌಂಟರಿನಿಂದ ಇನ್ನೊಬ್ಬರು ಗಟ್ಟಿಯಾಗಿ ಆರು ಅಂಕಿ ಹೇಳುವುದು. ಒಳಗಿನವರಿಗೆ ಕೇಳಿಸದಿದ್ದರೆ ಬೆಂಚಿನ ಮೇಲೆ ಕೂತ ರೋಗಿಗಳೇ ಇನ್ನೊಮ್ಮೆ ಹೇಳಿ ಉಪಕಾರ ಮಾಡುತ್ತಿದ್ದರು. ನಾನು ರೇಗಿದೆ, ಕೂಗಾಡಿದೆ, ಗೋಡೆಗೆ ನೋಟೀಸು ಅಂಟಿಸಿದೆ. ಇವರಿಗೆಲ್ಲ ಯಾವಾಗ ಬುದ್ಧಿ ಬರುತ್ತದೋ ಎಂದು ಮನೆಯಲ್ಲಿ ಹೆಂಡತಿ ಜಯಮ್ಮನ ಹತ್ತಿರ ಹೇಳಿಕೊಂಡು ನಗುತ್ತಿದ್ದೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಕೌಂಟರಿನಲ್ಲಿದ್ದವಳು ರಾಜೇಶ್ವರಿ. ಕಡಕೊಳದವಳು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಲು ಕೆಲಸ ಹುಡುಕುತ್ತಿದ್ದಾಗ ಡಾಕ್ಟರಮ್ಮನಿಗೆ ಹೇಳಿ ಸೇರಿಸಿದವನು ನಾನು. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತಳು. ಬಂದವರ ಹೆಸರು, ಮುಖ, ಅವರ ಮೊಮ್ಮಕ್ಕಳ ಹೆಸರು ಸಮೇತ ನೆನಪಿಟ್ಟುಕೊಳ್ಳುತ್ತಿದ್ದಳು. ಲ್ಯಾಬಿನ ಫೇಸ್‌ಬುಕ್ ಪುಟಕ್ಕೆ ಹಬ್ಬ ಹರಿದಿನದ ಫೋಟೋ ಹಾಕುವ ಕೆಲಸವನ್ನೂ ಶಿವಮಲ್ಲಪ್ಪನವರು ಅವಳಿಗೇ ಒಪ್ಪಿಸಿದ್ದರು.

ಹೀಗಿರುವಾಗ ದಸರಾ ಬಂತು. ನಮ್ಮ ಲ್ಯಾಬಿನಲ್ಲಿ ಆಯುಧಪೂಜೆ ಜೋರು. ರಕ್ತ ತಿರುಗಿಸುವ ಯಂತ್ರ, ಮೈಕ್ರೋಸ್ಕೋಪು, ಫ್ರಿಜ್ಜು, ಸ್ಯಾಂಪಲ್ ತರುವ ಸ್ಕೂಟರುಗಳು, ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವುದು. ಪ್ರತಿ ವರ್ಷ ಎಲ್ಲಕ್ಕಿಂತ ದೊಡ್ಡ ಹಾರ ನನ್ನ ಸರ್ವರಿಗೆ. ಆ ವರ್ಷ ಮಾತ್ರ ಸರ್ವರ್ ಇರಲಿಲ್ಲ. ಅದರೊಳಗಿನದನ್ನೆಲ್ಲ ಅಳಿಸಿ ಹದಿನೈದು ದಿನ ಮೊದಲು ಸಾಗಹಾಕಿದ್ದೆವು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಖಾಲಿ ಮೇಜು, ಗೋಡೆಯಲ್ಲಿ ಇಂಟರ್ನೆಟ್ ಪೆಟ್ಟಿಗೆ.

ಹಾರ ಹಿಡಿದುಕೊಂಡು ಬಂದ ರಾಜೇಶ್ವರಿ ಬಾಗಿಲಲ್ಲೇ ನಿಂತಳು. "ಈ ಸತಿ ಯಾತುಕ್ಕೆ ಪೂಜೆ ಮಾಡನ ಸಾರ್?"

ಅವಳು ಕೇಳಿದ್ದು ಸಹಜವಾಗಿ. ನಾನು ಸುತ್ತ ನೋಡಿದೆ. ಎಲ್ಲರಿಗೂ ಅವರವರ ಆಯುಧವಿದೆ, ನನಗೆ ಮಾತ್ರ ಇಲ್ಲ. ಆಗ ಬೀರುವಿನಲ್ಲಿದ್ದ ಒಂದು ಹಾಳೆ ನೆನಪಾಯಿತು. ಕ್ಲೌಡಿನ ನಮ್ಮ ಇಡೀ ವ್ಯವಸ್ಥೆಯ ಹಿರಿಯ ಬೀಗದ ಕೈ ನನ್ನ ಹೆಸರಿನಲ್ಲಿತ್ತು. ಎಲ್ಲ ರಿಪೋರ್ಟುಗಳನ್ನೂ ತೆರೆಯಬಲ್ಲ ಖಾತೆ ಅದು. ಅಕಸ್ಮಾತ್ ನನ್ನ ಫೋನ್ ಕಳೆದುಹೋದರೆ ಒಳಗೆ ಹೋಗಲು ಅದು ಹತ್ತು ತುರ್ತು ನಂಬರುಗಳನ್ನು ಕೊಟ್ಟಿತ್ತು. ಅವನ್ನು ಪ್ರಿಂಟ್ ತೆಗೆದು, ವಯಸ್ಸಾಯಿತು ಮರೆತುಬಿಟ್ಟೇನು ಎಂದು ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ ಅದೇ ಹಾಳೆಯ ಮೇಲೆ ದುಂಡಗೆ ಬರೆದಿಟ್ಟಿದ್ದೆ. ಊರಿಗೆಲ್ಲ ಬುದ್ಧಿ ಹೇಳಿದವನು ನಾನೇ.

ಆ ಹಾಳೆಯನ್ನು ತಂದು ಇಂಟರ್ನೆಟ್ ಪೆಟ್ಟಿಗೆಯ ಕೆಳಗೆ ಮೇಜಿನ ಮೇಲೆ ಒರಗಿಸಿ ನಿಲ್ಲಿಸಿದೆ. ಮಡಿಸಿ ಇಡಬಹುದಿತ್ತು. ಪೂಜೆಗೆ ಇಡುವುದನ್ನು ಮುಚ್ಚಿಡುವುದೇ ಎನ್ನಿಸಿ ಬಿಚ್ಚಿಯೇ ಇಟ್ಟೆ. ನಾಲ್ಕು ಮೂಲೆಗೆ ಅರಿಶಿನ, ನಡುವೆ ಕುಂಕುಮ, ಮೇಲೊಂದು ಹೂವು. "ಇದೇನ್ ಸಾರ್?" ಎಂದಳು ರಾಜೇಶ್ವರಿ. "ಇದೇ ಕಣಮ್ಮ ಈಗ ನಮ್ಮ ಸರ್ವರ್" ಎಂದೆ. ಡಾಕ್ಟರಮ್ಮ ಬಂದು ಆರತಿ ತೆಗೆದುಕೊಂಡರು, ಶಿವಮಲ್ಲಪ್ಪನವರು ಕರ್ಪೂರಕ್ಕೆ ಕೈ ಒಡ್ಡಿದರು. "ಒಸಿ ಈ ಕಡೆ ನೋಡಿ ಸಾರ್, ನಗಿ" ಎಂದು ರಾಜೇಶ್ವರಿ ಫೋಟೋ ತೆಗೆದಳು. ಆ ಫೋಟೋದಲ್ಲಿ ನಾನು ಚೆನ್ನಾಗಿ ಬಂದಿದ್ದೇನೆ. ಹಾಳೆ ನನಗಿಂತ ಚೆನ್ನಾಗಿ ಬಂದಿದೆ.

ಮಧ್ಯಾಹ್ನ ಮನೆಗೆ ಬಂದರೆ ಅಲ್ಲಿಯೂ ಪೂಜೆ. ಜಯಮ್ಮ ಈಳಿಗೆಮಣೆ, ಮಿಕ್ಸಿ, ಸ್ಕೂಟರಿನ ಕೀಲಿಕೈ ಎಲ್ಲ ಸಾಲಾಗಿ ಜೋಡಿಸಿ, "ನಿಮ್ ಫೋನೂ ಕೊಡಿ" ಎಂದಳು. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ ವಿಜಯದಶಮಿಯ ಪೂಜೆಯಾಗುವವರೆಗೆ ನಮ್ಮಲ್ಲಿ ಮುಟ್ಟುವುದಿಲ್ಲ. ನಾನು ಹಿಂದೆಮುಂದೆ ನೋಡಿದೆ. "ಒಂದ್ ದಿನ ಮುಟ್ಟದಿದ್ರೆ ಲೋಕ ಏನ್ ಮುಳುಗೋಗಲ್ಲ, ಇಡಿ" ಎಂದಳು. ಆರಿಸಿ ಈಳಿಗೆಮಣೆಯ ಪಕ್ಕ ಇಟ್ಟೆ. ನಮ್ಮ ಖಾತೆಗೆ ಯಾರಾದರೂ ಹೊರಗಿನವರು ಹೊಕ್ಕರೆ ಎಚ್ಚರಿಕೆ ಬರುತ್ತಿದ್ದದ್ದು ಆ ಫೋನಿಗೆ.

ಮಾರನೆಯ ದಿನ ಪೂಜೆ ಮುಗಿಸಿ, ಹೋಳಿಗೆ ಊಟ ಮಾಡಿ, ಫೋನ್ ಹಾಕಿದೆ. ಮೊದಲು ಕಂಡದ್ದು ಡಾಕ್ಟರಮ್ಮನ ಒಂಬತ್ತು ಮಿಸ್ಡ್ ಕಾಲ್. ಅದರ ಕೆಳಗೆ ಎಚ್ಚರಿಕೆಯ ಸಂದೇಶ: ಹಿಂದಿನ ಸಂಜೆ ತುರ್ತು ನಂಬರೊಂದನ್ನು ಬಳಸಿ ನಿಮ್ಮ ಖಾತೆಗೆ ಪ್ರವೇಶಿಸಲಾಗಿದೆ, ಇದು ನೀವಲ್ಲದಿದ್ದರೆ ತಕ್ಷಣ ತಿಳಿಸಿ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಏನ್ ಸಿದ್ದರಾಜು, ಹಬ್ಬದ ದಿನ ಇಡೀ ಬೀರು ಯಾಕೆ ಕೇಳಿದ್ರಿ? ನೀವು ಫೋನ್ ತೆಗೀಲಿಲ್ಲ, ನಾನು ಬೇಡ ಅಂತ ಒತ್ತಿಬಿಟ್ಟೆ."

"ಕೇಳಿದ್ದು ನಾನಲ್ಲ ಮೇಡಮ್" ಎಂದೆ.

ಪರದೆಯ ಮೇಲೆಲ್ಲ ಕುಂಕುಮ. ಪಂಚೆಯಲ್ಲಿ ಒರೆಸಿಕೊಳ್ಳುತ್ತಾ ಪಾಸ್‌ವರ್ಡ್ ಬದಲಿಸಿದೆ, ಹಳೆಯ ತುರ್ತು ನಂಬರುಗಳನ್ನು ರದ್ದು ಮಾಡಿದೆ, ಒಳಗಿದ್ದವರನ್ನೆಲ್ಲ ಹೊರಹಾಕಿದೆ. ಫೇಸ್‌ಬುಕ್ ತೆರೆದರೆ ನನ್ನ ನಗುಮುಖ, ಪಕ್ಕದಲ್ಲಿ ಹಾಳೆ. ದೊಡ್ಡದು ಮಾಡಿದರೆ ಒಂದೊಂದು ಅಂಕಿಯೂ ಸ್ಪಷ್ಟ. ರಾಜೇಶ್ವರಿಗೆ ಫೋನ್ ಮಾಡಿ ಫೋಟೋ ತೆಗೆದುಬಿಡಮ್ಮ ಎಂದೆ. ಯಾಕೆ ಎಂದು ಕೇಳದೆ ತೆಗೆದಳು. ಆಮೇಲೆ ಕೂತು, ಯಾರು ಏನು ನೋಡಿದರು ಎಂದು ಕ್ಲೌಡ್ ಬರೆದಿಟ್ಟುಕೊಂಡಿದ್ದ ಪಟ್ಟಿಯನ್ನು ಓದಿದೆ. ಇಡೀ ಮಾಹಿತಿ ಡಾಕ್ಟರಮ್ಮನ ಷರತ್ತಿನಿಂದ ಉಳಿದಿತ್ತು. ಆದರೆ ಒಳಗೆ ಬಂದವರು, ಅಥವಾ ಬಂದವನು, ಹನ್ನೊಂದು ಜನರ ರಿಪೋರ್ಟುಗಳನ್ನು ಒಂದೊಂದಾಗಿ ತೆರೆದು ನೋಡಿ ಹೋಗಿದ್ದ. ಪೊಲೀಸರಿಗೆ ದೂರು ಕೊಟ್ಟೆವು. ಯಾರು, ಯಾಕೆ ಎಂಬುದು ಕೊನೆಗೂ ತಿಳಿಯಲಿಲ್ಲ.

ಹಬ್ಬದ ರಜೆ ಮುಗಿದು ಲ್ಯಾಬ್ ತೆರೆದ ದಿನ ಬೆಳಿಗ್ಗೆ ಡಾಕ್ಟರಮ್ಮನ ಕೋಣೆಯಲ್ಲಿ ಸಭೆ. ಶಿವಮಲ್ಲಪ್ಪನವರ ಕೈಯಲ್ಲಿ ಆ ಫೋಟೋದ ಪ್ರಿಂಟು. "ಇದನ್ನ ಫೇಸ್‌ಬುಕ್ಕಿಗೆ ಹಾಕಿದ್ದು ಯಾರಮ್ಮ?"

"ನಾನೇ ಸಾರ್" ಎಂದಳು ರಾಜೇಶ್ವರಿ.

"ಬೀರುವಲ್ಲಿರಬೇಕಾದ ಹಾಳೆ ಪೂಜೆಗೆ ಎಂಗ್ರೀ ಬಂತು?"

ಅವಳ ಕಣ್ಣು ಒಂದು ಗಳಿಗೆ ನನ್ನ ಮೇಲೆ ಬಂತು. ನಾನು ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರ್ ನೋಡುತ್ತಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಎಂದು ಎಣಿಸುತ್ತಿದ್ದೆ. ಸುಳ್ಳಲ್ಲ, ಆ ಹೊತ್ತಿನಲ್ಲಿ ನಾನು ಎಣಿಸಿದ್ದು ಅದನ್ನೇ.

"ಪೂಜೆ ಸಾಮಾನೆಲ್ಲ ಜೋಡ್ಸಿದ್ದು ನಾನೇ ಸಾರ್" ಎಂದಳು ಅವಳು.

ಶಿವಮಲ್ಲಪ್ಪನವರು ಡಾಕ್ಟರಮ್ಮನ ಕಡೆ ನೋಡಿದರು. ಡಾಕ್ಟರಮ್ಮ ಆ ಪ್ರಿಂಟನ್ನೇ ನೋಡುತ್ತಿದ್ದರು. "ನಾಳೆಯಿಂದ ನೀವು ಬರೋದು ಬೇಡಮ್ಮ" ಎಂದು ಶಿವಮಲ್ಲಪ್ಪನವರೇ ಹೇಳಿದರು. ಸಭೆ ಮುಗಿಯಿತು. ನಾನು ಎದ್ದು ನನ್ನ ಕುರ್ಚಿಗೆ ಹೋಗಿ ಕೂತೆ. ಊಟದ ಹೊತ್ತಿನವರೆಗೂ ಕೂತೇ ಇದ್ದೆ.

ಆಮೇಲೆ ಕೌಂಟರಿಗೆ ಹೋದೆ. ರಾಜೇಶ್ವರಿ ಡ್ರಾಯರಿನಿಂದ ಬಾಚಣಿಗೆ, ಮಗಳ ಫೋಟೋ, ಬಸ್ ಪಾಸು ತೆಗೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. "ಯಾಕಮ್ಮ ಹೇಳಲಿಲ್ಲ?" ಎಂದೆ.

"ನೀವೇ ಹೇಳ್ತೀರ ಅಂತ ಕಾದೆ ಸಾರ್. ನೀವು ಹೇಳ್ನಿಲ್ಲ. ನಂಗೆ ಈ ಕೆಲ್ಸ ಕೊಡ್ಸಿದ್ದು ನೀವು. ನಿಮ್ ಹೆಸ್ರು ನಾನೆಂಗ್ ಹೇಳ್ಲಿ?" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅಲ್ಲಿಂದ ನೇರ ಮೇಲೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಹಾಳೆ ತಂದದ್ದು, ಪಾಸ್‌ವರ್ಡ್ ಬರೆದದ್ದು, ಬಿಚ್ಚಿ ಇಟ್ಟದ್ದು, ಫೋನನ್ನು ಆರಿಸಿದ್ದು. ಆಟೋದಲ್ಲಿ ಬಿಟ್ಟ ಡಿಸ್ಕಿನ ವಿಷಯವೂ ಬಾಯಿಂದ ಬಂದುಬಿಟ್ಟಿತು. ಕೆಲಸ ಬಿಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದಿಟ್ಟರು. "ಹಾಳೆ ಇಟ್ಟಿದ್ದು ದೊಡ್ಡ ತಪ್ಪೇ. ಆದ್ರೆ ಅದರ ಮುಂದೆ ನಾನೂ ಕೈಮುಗಿದೆ, ನಾನೂ ಓದಲಿಲ್ಲ. ಬೆಳಿಗ್ಗೆ ಸುಮ್ಮನೆ ಕೂತ್ರಲ್ಲ ಸಿದ್ದರಾಜು, ಅದು..." ಎಂದು ನಿಲ್ಲಿಸಿದರು. ಆ ವಾಕ್ಯವನ್ನು ಅವರು ಮುಗಿಸಲೇ ಇಲ್ಲ. ನನಗೆ ಇವತ್ತಿಗೂ ಅದು ಕೇಳಿಸುತ್ತದೆ.

ಕೆಲಸ ಬಿಡಲು ಅವರು ಬಿಡಲಿಲ್ಲ. ರಾಜೇಶ್ವರಿಯನ್ನು ಕರೆಸಿ ಕೆಲಸಕ್ಕೆ ವಾಪಸ್ ತೆಗೆದುಕೊಂಡು, ಶಿವಮಲ್ಲಪ್ಪನವರ ಎದುರಿಗೇ ಕ್ಷಮೆ ಕೇಳಿಸಿದರು, ನನ್ನಿಂದ. ಆಮೇಲೆ ಹೇಳಿದರು: "ಹನ್ನೊಂದು ಮನೆಗೂ ನೀವಿಬ್ಬರೂ ಹೋಗಿ. ನಿಮ್ಮ ರಿಪೋರ್ಟು ಯಾರೋ ನೋಡಿದ್ದಾರೆ, ತಪ್ಪು ನಮ್ಮದು ಅಂತ ಮುಖ ತೋರಿಸಿ ಹೇಳಿ. ಫೋನಲ್ಲಿ ಹೇಳಿದ್ರೆ ಮೋಸದ ಕರೆ ಅಂದ್ಕೊಂಡು ಇಟ್ಟುಬಿಡ್ತಾರೆ."

ಶಿವಮಲ್ಲಪ್ಪನವರು ಚಡಪಡಿಸಿದರು. "ನಾವಾಗಿ ಹೋಗಿ ಯಾಕೆ ಹೇಳ್ಬೇಕು ಮೇಡಮ್? ಅವರ್ಯಾರಿಗೂ ಗೊತ್ತೇ ಇಲ್ವಲ್ಲ."

"ಅವರಿಗೆ ಗೊತ್ತಿಲ್ಲ, ಅದಕ್ಕೇ ಹೇಳ್ಬೇಕು" ಎಂದರು ಡಾಕ್ಟರಮ್ಮ.

ಮೊದಲನೆಯ ಮನೆ ಸರಸ್ವತಿಪುರಂನಲ್ಲೇ, ನಿವೃತ್ತ ಹೆಡ್‌ಮಾಸ್ಟರರದು. ಪೂರ್ತಿ ಕೇಳಿ ಜೋರಾಗಿ ನಕ್ಕರು. "ನನ್ನ ಶುಗರ್ ಎಷ್ಟು ಅಂತ ದಿನಾ ಪಾರ್ಕಲ್ಲಿ ಚರ್ಚೆ ಆಗುತ್ತೆ ಕಣಪ್ಪ. ನೋಡಿದೋನು ಏನಾದ್ರೂ ಔಷಧಿ ಹೇಳಿದ್ನಾ?" ಎಂದರು. ಅಲ್ಲಿಂದ ಸ್ವಲ್ಪ ಧೈರ್ಯ ಬಂತು. ಕಡಕೊಳದಲ್ಲಿ ಅದು ಇಳಿಯಿತು. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬಾತ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದ. "ಇದು ನಮ್ ಫ್ಯಾಕ್ಟ್ರಿಯೋರ್ಗೆ ಗೊತ್ತಾದ್ರೆ ನನ್ ಕೆಲ್ಸ ಓಯ್ತದೆ. ನೀವು ತಪ್ಪಾಯ್ತು ಅಂದ್ರೆ ಅದು ವಾಪಸ್ ಬಂದದಾ?" ಎಂದು ಬಾಗಿಲು ಹಾಕಿಕೊಂಡ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಕೊನೆಯದು ಬೋಗಾದಿಯ ಹೊಸ ಬಡಾವಣೆಯ ಒಂದು ಮನೆ. ಆ ಹೆಣ್ಣುಮಗಳ ಹೆಸರು ಇಲ್ಲಿ ಬರೆಯುವುದಿಲ್ಲ, ಯಾವ ಪರೀಕ್ಷೆ ಎಂದೂ ಬರೆಯುವುದಿಲ್ಲ. ಬರೆದರೆ ನಾನು ಕಲಿತದ್ದೇನು ಬಂತು? ಬಾಗಿಲು ತೆರೆದವರು ಅವಳ ಅತ್ತೆ. ನಾನು ಅಭ್ಯಾಸವಾಗಿಬಿಟ್ಟಿದ್ದ ಹಾಗೆ, "ನಾವು ರಕ್ತ ಪರೀಕ್ಷೆ ಲ್ಯಾಬಿನಿಂದ ಬಂದಿದ್ದೀವಿ ಅಮ್ಮ, ನಿಮ್ಮ ಸೊಸೆ..." ಎಂದು ಶುರು ಮಾಡಿಬಿಟ್ಟೆ.

"ನಮ್ ಸೊಸೆ? ಅವ್ಳು ಯಾವ್ ಟೆಸ್ಟೂ ಮಾಡ್ಸಿಲ್ವಲ್ಲ. ಯಾವ್ ಟೆಸ್ಟು?" ಎಂದರು ಆಕೆ. ಹಿಂದೆ ಹಜಾರದಲ್ಲಿ ಗಂಡಸರ ಚಪ್ಪಲಿ, ಟೀವಿಯ ಸದ್ದು. ಒಳಗೆಲ್ಲೋ ಪಾತ್ರೆ ತೊಳೆಯುತ್ತಿದ್ದ ಶಬ್ದ ತಟ್ಟನೆ ನಿಂತಿತು.

ಆಗ ನನಗೆ ಅರ್ಥವಾಯಿತು. ಎಲ್ಲೋ ಕೂತ ಅಪರಿಚಿತ ನೋಡಿದ್ದರಿಂದ ಈ ಹೆಣ್ಣುಮಗಳಿಗೆ ಇನ್ನೂ ಏನೂ ಆಗಿರಲಿಲ್ಲ. ಆಗುವುದಿದ್ದರೆ ಈಗ, ಈ ಹೊಸ್ತಿಲಲ್ಲಿ, ನನ್ನ ಪ್ರಾಮಾಣಿಕತೆಯಿಂದ ಆಗುತ್ತಿತ್ತು.

ರಾಜೇಶ್ವರಿ ಮುಂದೆ ಬಂದಳು. "ಇದು ಎಂಟನೇ ಕ್ರಾಸ್ ಅಲ್ವಾ ಅಮ್ಮ?"

"ಇದು ಆರನೇದು."

"ಅಯ್ಯೋ, ನೋಡಿ ಸಾರ್, ಮನೇನೇ ತಪ್ಪು. ನಾವು ಹುಡುಕ್ತಿರೋರ ಸೊಸೆ ಮೇಷ್ಟ್ರು ಕಣಮ್ಮ. ಬಿಸಿಲಲ್ಲಿ ತಲೆ ಕೆಟ್ಟೋಗದೆ. ಒಸಿ ನೀರ್ ಕೊಡ್ತೀರಾ?" ಆಕೆ ಕೊಟ್ಟ ನೀರನ್ನು ನಿಧಾನವಾಗಿ ಕುಡಿದು, ಎಂಟನೇ ಕ್ರಾಸಿಗೆ ದಾರಿ ಕೇಳಿಕೊಂಡು, ಆ ದಿಕ್ಕಿಗೇ ನನ್ನನ್ನು ನಡೆಸಿಕೊಂಡು ಹೋದಳು. ತಿರುವು ದಾಟಿದ ಮೇಲೆ ನಾನು ಒಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

ಮೂರನೆಯ ದಿನ ಆ ಹೆಣ್ಣುಮಗಳೇ ಲ್ಯಾಬಿಗೆ ಬಂದಳು. ಕೌಂಟರಿನಲ್ಲಿ ರಾಜೇಶ್ವರಿಯ ದನಿ ಕೇಳಿ ಗುರುತು ಹಿಡಿದಳು. "ಮೊನ್ನೆ ನಾನು ಅಡುಗೆಮನೇಲೇ ಇದ್ದೆ. ಅತ್ತೆ ಕೇಳ್ದಾಗ ಪ್ರಾಣ ಹೋದಂಗಾಯ್ತು" ಎಂದಳು. ಮೆಟ್ಟಿಲ ಕೆಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿ, ನಡೆದದ್ದನ್ನೆಲ್ಲ ಹೇಳಿದೆವು. ತಪ್ಪು ನನ್ನದು ಎಂದೆ. ಅವಳು ಒಂದೇ ಪ್ರಶ್ನೆ ಕೇಳಿದಳು. "ನೋಡಿದೋರು ನಮ್ ಕಡೆಯೋರಾ?"

"ಗೊತ್ತಿಲ್ಲಮ್ಮ. ನೋಡಿದರೆ ಹೊರಗಿನವರ ಹಾಗೆ ಕಾಣುತ್ತೆ. ಆದ್ರೆ ಆಣೆ ಇಟ್ಟು ಹೇಳಕ್ಕಾಗಲ್ಲ."

ಅವಳು ತಲೆ ತಗ್ಗಿಸಿದಳು. ಅತ್ತಳೇನೋ, ನಾನು ನೋಡಲಿಲ್ಲ. ಆಮೇಲೆ, "ಇನ್ನೊಂದ್ಸಲ ಟೆಸ್ಟ್ ಮಾಡ್ಸಿ ಅಂದವ್ರೆ ಡಾಕ್ಟ್ರು. ಇಲ್ಲೇ ಕೊಡ್ಲಾ, ಬೇರೆ ಕಡೆ ಹೋಗ್ಲಾ? ನೀವೇ ಹೇಳಿ ಸಾರ್" ಎಂದಳು.

ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ಕಷ್ಟದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಇಲ್ಲೇ ಕೊಡಿ ಎನ್ನುವ ಬಾಯಿ ನನಗಿರಲಿಲ್ಲ. "ಅದನ್ನ ಹೇಳೋ ಯೋಗ್ಯತೆ ನನಗಿಲ್ಲಮ್ಮ" ಎಂದೆ.

ಅವಳು ನನ್ನನ್ನು ನೋಡಿದಳು, ರಾಜೇಶ್ವರಿಯನ್ನು ನೋಡಿದಳು. "ಬರ್ಕೊಳಿ" ಎಂದಳು ಅವಳಿಗೆ.

"ಫೋನ್ ನಂಬರ್ ಯಾವ್ದು ಆಕ್ಲಿ?"

"ಯಾವ್ದೂ ಬೇಡ ಅಕ್ಕ. ನಾನೇ ಬಂದು ತಗೊಂಡೋಗ್ತೀನಿ."

ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ನಾನು ಹೊರಗೆ ಹೋದೆ. ಅವಳ ರಿಪೋರ್ಟು ಮಾರನೆಯ ದಿನ ಬಂತು. ಹಿರಿಯ ಬೀಗದ ಕೈ ಆಗಲೂ ನನ್ನ ಹೆಸರಿನಲ್ಲೇ ಇತ್ತು, ನಿವೃತ್ತಿಯಾಗುವವರೆಗೂ ಇತ್ತು. ಆ ರಿಪೋರ್ಟಿನಲ್ಲಿ ಏನು ಬಂದಿತ್ತು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.